ಹನ್ನೆರಡು ಮಲಿ, ಹದಿಮೂರು ಮರಿ

ಹೋದ ತಿಂಗಳ ಜಮಖಂಡಿಯೊಳಗ ನಮ್ಮ ಅಕ್ಕನ ಮಗಳ ಕೂಸುಗಳ ತೊಟ್ಟಿಲ ಕಾರ್ಯ ಇತ್ತು. ನಿಮ್ಮೊಳಗ ಅರ್ಧಾ ಮಂದಿ ಅಲ್ಲೇ ಇದ್ರಿ, ಅದಕ್ಕ ಹೋಳಿಗಿ ಎಷ್ಟು ಮೆತ್ತಗಿದ್ವು ಅಂತ ಮತ್ತ ಹೇಳಂಗಿಲ್ಲ. ಅವಳಿ ಹೆಣ್ಣ ಕೂಸು, ಎರಡೂ ಸಣ್ಣವು. ಹೆಂಗಸರೆಲ್ಲಾ ಸುತ್ತ ಕುಂತಾಗ ಹಿರಿಯಾಕಿ ಒಬ್ಬಾಕಿ ತೊಟ್ಟಿಲ ಹಗ್ಗ ಹಿಡದು ತೂಗಿಕೋತ ಅಂದ್ಲು: “ಹಂದಿ ಹಡದಂಗ ಜೋಡಿ ಹಡದಾಳ. ಹಾಲಿಗೆ ಮಾತ್ರ ಗತಿ ಇಲ್ಲ, ಡಬ್ಬಿ ತರಸಾಕತ್ತಾರ.”

ಎಲ್ಲಾರೂ ನಕ್ಕರು. ನಾನೂ ನಕ್ಕೆ. ಬಾಣಂತಿ ಮಾತ್ರ ಸೆರಗ ಸರಿ ಮಾಡಿಕೊಂಡು ಗ್ವಾಡಿ ಕಡೆ ಮುಖ ಮಾಡಿದ್ಲು.

ವಾಪಸ್ ಬನಹಟ್ಟಿ ಬಸ್ಸಿನ್ಯಾಗ ಕುಂತಾಗ ಆ ನಗು ನನಗ ಹೊಟ್ಟ್ಯಾಗ ಚುಚ್ಚಾಕ ಹತ್ತಿತು. ನಮ್ಮ ಕಡೆ ಹೆಚ್ಚು ಹಡದಾಕಿಗೆ ಹಂದಿ, ಹೊಲಸ ಇದ್ದಾಕಿಗೆ ಹಂದಿ, ದಪ್ಪ ಇದ್ದಾಕಿಗೆ ಹಂದಿ. ಬೈಯಾಕ ಇಷ್ಟ ಸಲ ಆ ಹೆಸರು ತಗೋತೀವಿ, ಆದ್ರ ತಾಯಿಹಂದಿ ಮರಿಗೆ ಮಲಿ ಕುಡಿಸೋದನ್ನ ನಿಂತು ನೋಡಿದವರು ನಮ್ಮೊಳಗ ಎಷ್ಟು ಮಂದಿ ಅದೀವಿ? ನಾ ನೋಡೇನಿ. ಆಮ್ಯಾಲ ಓದೇನಿ. ಆ ಕತಿ ಇವತ್ತು ಹೇಳ್ತೇನಿ. ಹಂದಿ ಕತಿ ಅಂತ ಮೂಗು ಮುರಿಬ್ಯಾಡ್ರಿ. ನಮ್ಮಂಥಾ ನೇಕಾರ ಮಂದಿ ಕತಿನೂ ಅದರೊಳಗ ಐತಿ.

1986ರಾಗ ನಾ ಬೀಳಗಿ ಕಡಿಂದ ಲಗ್ನಾಗಿ ಬನಹಟ್ಟಿಗೆ ಬಂದಾಗ ನಮ್ಮ ಹಿತ್ತಲ ಆಚೆ ಕೊರವರ ನಾಕು ಮನಿ ಇದ್ವು. ನಮ್ಮತ್ತಿ ಹೇಳ್ತಿದ್ರು, ಅವರ ಹಿರ್ಯಾರು ಮೊದಲ ನೇಕಾರರಿಗೆ ಕುಂಚ ಕಟ್ಟಿ ಕೊಡತಿದ್ರಂತ. ಹಾಸಿಗೆ ಗಂಜಿ ಹಚ್ಚಿ ತೀಡಾಕ ಬೇಕಲ್ಲಾ, ಆ ಕುಂಚ. ಅದಕ್ಕ ಅವರಿಗೆ ಕುಂಚಿಕೊರವರು ಅಂತ ಹೆಸರು. ಅಂದ್ರ ನಮ್ಮ ಸೀರಿ ಎಳಿ ಗಟ್ಟಿ ಆಗಾಕ ಅವರ ಕೈ ಬೇಕಿತ್ತು. ಗಿರಣಿಯೊಳಗ ಗಂಜಿ ಹಚ್ಚಿದ ನೂಲು ಬಂತು, ಪಾವರ್‌ಲೂಮ್ ಬಂದ್ವು, ಕುಂಚ ಯಾರಿಗೂ ಬ್ಯಾಡಾತು. ಉಳದದ್ದು ಬುಟ್ಟಿ ಹೆಣಿಯೋದು, ಮತ್ತ ಹಂದಿ.

ಅಲ್ಲಿ ಒಬ್ಬಾಕಿ ಮುದುಕಿ ಇದ್ಲು. ನಾ ಆಯಿ ಅಂತಿದ್ದೆ. ಅಕಿ ನನಗ ತಂಗೆವ್ವಾ ಅಂತಿದ್ಲು. ನಿಜಾ ಹೇಳ್ತೇನಿ, ಅಕಿ ನಮ್ಮ ಹೊಸ್ತಿಲ ಒಳಗ ಎಂದೂ ಬರಲಿಲ್ಲ. ನಾವೂ ಬಾ ಅನ್ನಲಿಲ್ಲ. ದಿನಾ ಸಂಜಿಕೆ ಮುಸರಿ ಬಕೆಟ್ಟು ಹಿತ್ತಲ ಕಟ್ಟಿ ಮ್ಯಾಲ ಇಡತಿದ್ದೆ, ಅಕಿ ಒಯ್ಯತಿದ್ಲು. ಅಷ್ಟರೊಳಗ ನಮ್ಮ ಮಾತುಕತಿ.

ಆಯಿ ಹತ್ರ ಒಂದು ಕರಿ ತಾಯಿಹಂದಿ ಇತ್ತು. ಉದ್ದ ಮೂತಿ, ಬೆನ್ನ ಮ್ಯಾಲ ಒರಟ ಕೂದಲಾ, ಜೋತ ಹೊಟ್ಟಿ. ಹಡಿಯೋ ಹಿಂದಿನ ದಿನ ಅದು ಕಬ್ಬಿನ ರವದಿ, ಹರಕ ಚೀಲ, ಬಾಯಿಗೆ ಸಿಕ್ಕಿದ್ದೆಲ್ಲಾ ಕಚ್ಚಿಕೊಂಡು ಬಂದು ಒಂದು ಮೂಲ್ಯಾಗ ಹಾಸಿಕೊಂಡಿತು. ಯಾರೂ ಕಲಿಸಿದ್ದಲ್ಲ ಅದು. ಕಾಡಹಂದಿನೂ ಹಂಗ ಮಾಡತೈತಿ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಗದ್ದಿಯೊಳಗ ಹಂದಿ ಮರಿ ಹಾಕಿದ ಜಾಗಾ ನೋಡಿದವರಿಗೆ ಗೊತ್ತು, ಹುಲ್ಲಿನ ದಿಂಬು ಮಾಡಿಟ್ಟಂಗ ಇರತೈತಿ. ಹಂದಿ ಬಸರು ಮೂರು ತಿಂಗಳು, ಮೂರು ವಾರ, ಮೂರು ದಿನ, ಅಂದ್ರ ಸುಮಾರು 114 ದಿನ. ಆಯಿ ಅಮಾಸಿ ಹುಣ್ಣಿವಿ ಎಣಿಸಿ ಇಂಥಾ ದಿನಾ ಅಂತ ಹೇಳತಿದ್ಲು, ಒಂದು ದಿನ ಆಚೆ ಈಚೆ ಆಗತಿತ್ತು, ಅಷ್ಟ.

ಆರು ಮರಿ ಹಾಕಿತು. ನಾ ಮುಸರಿ ಬಕೆಟ್ಟು ಹಿಡದು ಬಾಯಿ ತಕ್ಕೊಂಡು ನಿಂತೆ. ತಾಯಿ ಅಡ್ಡಾಗಿ ಮಲಗಿ ನಿಧಾನಕ ಗುರ್… ಗುರ್… ಅಂತಿತ್ತು. ಮರಿ ಸಾಲಾಗಿ ನಿಂತು ಮೂತಿಲೆ ಮಲಿ ಗುದ್ದತಿದ್ವು. ಒಮ್ಮಿಂದೊಮ್ಮೆಲೆ ತಾಯಿ ಗುರುಗುಟ್ಟೋದು ಜೋರಾತು, ಮರಿ ಎಲ್ಲಾ ಅಳ್ಳಾಡದ ಸುಮ್ಮ ಆದ್ವು, ಚಪ್ಪರಿಸೋ ಸಪ್ಪಳ ಅಷ್ಟ. ನಾ ಇಪ್ಪತ್ತು ಎಣಿಸೋದ್ರೊಳಗ ಮುಗದಹೋತು.

“ಇಷ್ಟ ಏನ ಆಯಿ?” ಅಂದೆ.

“ಅಷ್ಟ ತಂಗೆವ್ವಾ. ಆಕಳ ಕೆಚ್ಚಲದಾಗ ಹಾಲು ಕೂಡಿರತೈತಿ, ಬೇಕಾದಾಗ ಹಿಂಡಬಹುದು. ಹಂದಿದು ಹಂಗಲ್ಲ. ತಾಯಿ ಮನಸ್ಸ ಮಾಡಿದಾಗ ಬರತೈತಿ, ಎಣಿಸೋದ್ರಾಗ ನಿಂದರತೈತಿ. ತಾಸಿಗೊಮ್ಮೆ ಹಿಂಗ. ರಾತ್ರಿನೂ.”

ಮುಂದ ಎಷ್ಟೋ ವರ್ಷಕ್ಕ ನಾ ಓದಿದಾಗ ಆಯಿ ಹೇಳಿದ್ದ ಖರೆ ಅಂತ ತಿಳೀತು. ಹಂದಿ ಮಲಿಯೊಳಗ ಹಾಲು ಕೂಡಿಡೋ ಜಾಗಾ ಹೆಚ್ಚು ಇಲ್ಲ. ಮರಿ ಗುದ್ದಿದಾಗ ತಾಯಿ ಮೈಯೊಳಗ ಒಂದು ರಸ ಏರತೈತಿ, ಆಕ್ಸಿಟೋಸಿನ್ ಅಂತ. ಅದು ಏರಿದಾಗ 15–20 ಸೆಕೆಂಡು ಹಾಲು ಬರತೈತಿ. ನಮ್ಮ ಎದಿಯೊಳಗ ಹಾಲು ತೊರಿಯೋದೂ ಅದ ರಸದಿಂದ. ಹೆದರಿದ್ರ, ಬಡದ್ರ, ಚಿಂತಿ ಹಚ್ಚಿಕೊಂಡ್ರ ಹಂದಿಗೂ ಹಾಲು ಇಳಿಯಂಗಿಲ್ಲ, ಹೆಂಗಸಿಗೂ ಇಳಿಯಂಗಿಲ್ಲ.

ಇನ್ನೊಂದು ಮಾತು ಆಯಿ ತೋರಿಸಿದ್ಲು. ಹುಟ್ಟಿದ ಎರಡು ಮೂರು ದಿನದೊಳಗ ಮರಿಗೋಳು ಜಗಳಾಡಿ ತಮ್ಮ ತಮ್ಮ ಮಲಿ ಗೊತ್ತು ಮಾಡಿಕೋತಾವು. ಆಮ್ಯಾಲ ಹಾಲು ಬಿಡೂತನಾ ಅದ ಮರಿ ಅದ ಮಲಿ, ಅದಲಬದಲ ಇಲ್ಲ. ಮುಂದಿನ ಮಲಿಗೆ ಹಾಲು ಜಾಸ್ತಿ, ಹಿಂದಿನದಕ್ಕ ಕಡಿಮಿ. ಗಟ್ಟಿ ಮರಿ ಮುಂದ ಹಿಡಿತಾವು. ಯಾರೂ ಹಿಡೀದ ಮಲಿ ಕೆಲವ ದಿನದೊಳಗ ಬತ್ತಿ ಹೋಗತೈತಿ.

ಆ ಕರಿ ತಾಯಿಗೆ ಹತ್ತು ಮಲಿ, ಆರು ಮರಿ. ಒಂದೊಂದು ಮರಿ ಹುಟ್ಟಿದಾಗ ಮುಕ್ಕಾಲು ಕಿಲೋ ಹತ್ರ ಇದ್ದಾವು, ನಮ್ಮ ದೇಸಿ ಹಂದಿದು ಸಾಮಾನ್ಯ ಅಷ್ಟ. ಎರಡು ತಿಂಗಳಿಗೆ ಐದಾರು ಕಿಲೋ. ಬೆಳಿಯೋದು ಸಾವಕಾಶ. ಆದ್ರ ಆರಕ್ಕ ಆರೂ ಬದುಕಿದ್ವು. ಅದರ ಮೇವು ಏನು? ನಮ್ಮನಿ ಮುಸರಿ, ಓಣಿ ಗಟಾರ, ಮತ್ತ ನಾವು ಬಯಲಕಡೆ ಹೋಗತಿದ್ದ ಕಾಲ ನಿಮಗ ನೆನಪೈತಿ, ಮುಂದಿಂದು ಬರಿಯಂಗಿಲ್ಲ.

ಹಂದಿ ಅಂದ್ರ ಛೀ ಅನ್ನೋ ನಾವು ಬಾದಾಮಿಗೆ ಹೋದಾಗ ಕೈ ಮುಗೀತೀವಿ. ನಮ್ಮ ಬಾಗಲಕೋಟಿ ಜಿಲ್ಲಾದಾಗ ಇರೋ ಬಾದಾಮಿಯ ಮೂರನೇ ಗವಿ 578ರಾಗ ಮಂಗಲೇಶ ಮಾಡಿಸಿದ್ದು. ಅಲ್ಲಿ ವರಾಹಸ್ವಾಮಿ ಭೂದೇವಿನ್ನ ಎತ್ತಿಕೊಂಡು ನಿಂತಾನ. ಚಾಲುಕ್ಯರ ಲಾಂಛನನೂ ವರಾಹನ. ಮುಂದ ವಿಜಯನಗರದ ಬಂಗಾರದ ನಾಣ್ಯಕ್ಕ ವರಹ ಅಂತ ಹೆಸರಾತು. ಗಂಡಹಂದಿ ದೇವರಾತು, ರಾಜರ ಮುದ್ರಿ ಆತು, ರೊಕ್ಕ ಆತು. ಹೆಣ್ಣಹಂದಿ ಮಾತ್ರ ಬೈಗಳ ಆಗಿ ಉಳೀತು. ಇದು ನನಗ ಗವಿ ಮುಂದ ನಿಂತಾಗ ಹೊಳಿಲಿಲ್ಲ, ಮೊನ್ನೆ ಬಸ್ಸಿನ್ಯಾಗ ಹೊಳೀತು.

ಈಗ ಜರಾ ದೂರ ಹೋಗೂಣು, ಇಂಗ್ಲಂಡಿಗೆ. ಅಲ್ಲಿ ಯಾರ್ಕಶೈರ್ ಅಂತ ಒಂದು ಸೀಮಿ. ಅದು ಉಣ್ಣಿ ನೇಯೋ ನಾಡು. ಕೀಥ್ಲಿ ಅಂತ ಊರು, ನಮ್ಮ ರಬಕವಿ-ಬನಹಟ್ಟಿ ಇದ್ದಂಗ, ಮನಿಮನಿಗೆ ನೇಕಾರಕಿ, ಆಮ್ಯಾಲ ಗಿರಣಿ. ಅಲ್ಲಿ ಮಗ್ಗದ ಮಂದಿ ಹಿತ್ತಲದಾಗ ಹಂದಿ ಸಾಕತಿದ್ರು. ಅವರದ್ದು ತಿನ್ನೋ ಮಂದಿ, ಮೈಲಿಗಿ ಅನ್ನೋದಿಲ್ಲ. ಅಡಗಿಮನಿ ಉಳದದ್ದು ಹಾಕಿ ಬೆಳಸಿದ್ರ ವರ್ಷದ ಮಾಂಸ ಆತು, ಮಾರಿದ್ರ ರೊಕ್ಕ ಆತು.

ಆ ಊರಿನ ಒಬ್ಬ ನೇಕಾರ, ಜೋಸೆಫ್ ಟ್ಯೂಲಿ ಅಂತ. 1851ರಾಗ ವಿಂಡ್ಸರಿನೊಳಗ ದೊಡ್ಡ ಕೃಷಿ ಪ್ರದರ್ಶನ ಆತು. ಅಲ್ಲಿಗೆ ಇಂವ ತನ್ನ ದೊಡ್ಡ ಬಿಳಿ ಹಂದಿ ತಗೊಂಡು ಹೋದ. ದೊಡ್ಡ ದೊಡ್ಡ ಜಮೀನದಾರರೆಲ್ಲಾ ತಿರಿಗಿ ನೋಡಿದ್ರು. ಮರುವರ್ಷ, 1852ರಾಗ, ಕೀಥ್ಲಿ ಪ್ರದರ್ಶನದಾಗ ಅವನ ಹಂದಿ ದೊಡ್ಡ ಬಿಳಿ ಜಾತಿಗೂ ಸೇರಲಿಲ್ಲ, ಸಣ್ಣ ಬಿಳಿ ಜಾತಿಗೂ ಸೇರಲಿಲ್ಲ. ಪರೀಕ್ಷಾ ಮಾಡೋರು ತಲಿ ಕೆರಕೊಂಡು ನಡುವಿನ ಜಾತಿ ಅಂತ ಹೊಸಾದೊಂದು ಮಾಡಿದ್ರು. 1868ರಾಗ ದೊಡ್ಡ ಬಿಳಿ ಹಂದಿ ಒಂದು ತಳಿ ಅಂತ ಒಪ್ಪಿಕೊಂಡ್ರು. ಲಾರ್ಜ್ ವೈಟ್ ಯಾರ್ಕಶೈರ್ ಅಂತ ಈಗ ಜಗತ್ತೆಲ್ಲಾ ಕರಿಯೋದು ಇದನ್ನ. 1884ರಾಗ ಅಲ್ಲಿ ಹಂದಿ ಸಾಕೋರ ಸಂಘ ಆಗಿ, ಯಾವ ಹಂದಿಗೆ ಯಾವುದರ ಮರಿ ಅಂತ ವಂಶಾವಳಿ ಪುಸ್ತಕ ಇಟ್ರು. ನಮ್ಮಲ್ಲಿ ಹೆಳವರು ಬಂದು ಮನಿತನದ ಪೀಳಿಗಿ ಹೇಳತಾರಲ್ಲಾ, ಹಂಗ.

ನೇಕಾರ ಮಾಡಿದ್ದೇನು? ನಾವು ಹಾಸಿಗೊಂದು ನೂಲು, ಹೊಕ್ಕಿಗೊಂದು ನೂಲು ಕೂಡಿಸಿದಂಗ ಕೂಡಿಸಿದ. ಯಾರ್ಕಶೈರಿನ ಹಳೇ ಹಂದಿ ದೊಡ್ಡ ಎಲುಬಿಂದು, ಉದ್ದ ಕಾಲಿಂದು, ಬೆಳಿಯಾಕ ಭಾಳ ದಿನ ಬೇಕು. ಅದಕ್ಕಿಂತ ಮೊದಲ ಚೀನಾದಿಂದ ಹಡಗದಾಗ ಸಣ್ಣ ಹಂದಿ ಬಂದಿದ್ವು, ಅವು ಲಗೂನ ಕೊಬ್ಬತಿದ್ವು, ಮರಿನೂ ಹೆಚ್ಚು ಹಾಕತಿದ್ವು. ಚೀನಾ ರಕ್ತ ಬೆರತ ಹಂದಿನ ಊರ ಹಂದಿಗೆ ಕೂಡಿಸಿ, ಚಲೋವನ್ನ ಆರಿಸಿ ಆರಿಸಿ ಇಟ್ಟಕೊಂಡ್ರು. ಆರಿಸೋವಾಗ ಕಣ್ಣಿಗೆ ಕಾಣೋದನ್ನ ನೋಡಿದ್ರು: ಮೈ ಉದ್ದ, ತೂಕ, ಮರಿ ಎಷ್ಟು. ಹಾಲು ಎಷ್ಟು ಅಂತ ನೋಡೋದು ಸರಳ ಅಲ್ಲ, ಯಾಕಂದ್ರ ಹಂದಿನ್ನ ಹಿಂಡಾಕ ಬರಂಗಿಲ್ಲ. ಈಗಿನ ವಿಜ್ಞಾನಿಗಳೂ ಮರಿ ಕುಡಿಯೋಕಿಂತ ಮೊದಲ ಒಮ್ಮೆ ತೂಗಿ, ಕುಡದ ಮ್ಯಾಲ ಒಮ್ಮೆ ತೂಗಿ, ಹೆಚ್ಚಾದದ್ದು ಹಾಲು ಅಂತ ಲೆಕ್ಕ ಹಾಕತಾರ. ತಾಸಿಗೊಮ್ಮೆ, ದಿನಪೂರ್ತಿ!

ಆ ಬಿಳಿ ಹಂದಿ ಭಾರತಕ್ಕೂ ಬಂತು. ಸ್ವಾತಂತ್ರ್ಯ ಬಂದ ಮ್ಯಾಲ ಸರ್ಕಾರ ಫಾರ್ಮ್ ತಗೀತು. 1970–71ರಾಗ ಅಖಿಲ ಭಾರತ ಮಟ್ಟದ ಹಂದಿ ಸಂಶೋಧನಾ ಯೋಜನಿ ಚಾಲೂ ಆತು, ದೇಸಿ ಹಂದಿಗೆ ಬಿಳಿ ಹಂದಿ ಕೂಡಿಸಿ ಮಿಶ್ರತಳಿ ಮಾಡಿದ್ರು. ನಮ್ಮ ರಾಜ್ಯದಾಗ ಹೆಸರಘಟ್ಟ, ಕೊಡಗಿನ ಕೂಡಿಗೆ ಇಂಥಲ್ಲಿ ಬಿಳಿ ಹಂದಿ ಸಾಕಿದ್ರು. ಉತ್ತರ ಬಂಗಾಳದ ಘುಂಗ್ರೂ, ನಮ್ಮ ಮಗ್ಗಲಿನ ಗೋವಾದ ಅಗೊಂಡಾ ಗೋವನ್, ಇಂಥಾ ಊರ ಹಂದಿಗೂ ಹೆಸರು ಐತಿ, ತಳಿ ಅಂತ ದಾಖಲಾ ಮಾಡ್ಯಾರ. ಆಯಿಯ ಕರಿ ಹಂದಿಗೆ ಮಾತ್ರ ಬರೇ ದೇಸಿ ಅಂತ ಹೆಸರು.

2003ರಾಗ ಆಯಿ ಮೊಮ್ಮಗ ಸಾಲಾ ಮಾಡಿ ಎರಡು ಬಿಳಿ ಹೆಣ್ಣಹಂದಿ ತಂದ. ಸಿಮೆಂಟಿನ ದೊಡ್ಡಿ ಕಟ್ಟಿಸಿದ. ನಾವೆಲ್ಲಾ ಹಿತ್ತಲ ಗ್ವಾಡಿ ಹತ್ತಿ ನೋಡಿದ್ವಿ, ಎಮ್ಮಿ ಕರ ಇದ್ದಂಗ ಇದ್ವು, ತೊಳದ ಧೋತರ ಹಂಗ ಬಿಳಿ. ಏಪ್ರಿಲ್ ಕಡೀಕ ಒಂದು ಹಡೀತು. ಹದಿಮೂರು ಮರಿ! ಅಂವ ಓಣಿಗೆಲ್ಲಾ ಸಕ್ಕರಿ ಹಂಚಿದ. ಒಂದೊಂದು ಮರಿನೂ ಒಂದೂಕಾಲು ಕಿಲೋ ಹತ್ರ, ಕರಿ ಮರಿ ಮುಂದ ಹೈವಾನ.

ಆಯಿ ಸಕ್ಕರಿ ತಿನ್ನಲಿಲ್ಲ. ತಾಯಿ ಮಗ್ಗಲ ಕುಂತು ಒಂದೊಂದ ಮಲಿ ಮುಟ್ಟಿ ನೋಡಿದ್ಲು. ಹದಿನಾಲ್ಕು ಮಲಿ ಇದ್ವು, ಎರಡು ಕುರುಡು, ತುದಿ ಒಳಗ ಹೋಗಿ ಹಾಲು ಬರದಂಥವು. “ಹನ್ನೆರಡು ಮಲಿ, ಹದಿಮೂರು ಮರಿ. ಒಂದಕ್ಕ ಎಲಿ ಇಲ್ಲದ ಪಂಕ್ತಿಗೆ ಕುಂದರಿಸೇರಿ” ಅಂದ್ಲು.

ಅವತ್ತ ರಾತ್ರಿ ಒಂದು ಮರಿ ತಾಯಿ ಮೈ ಕೆಳಗ ಸಿಕ್ಕು ಹೋತು. ಅಷ್ಟ ದೊಡ್ಡ ಮೈ, ಗಚ್ಚಿನ ನೆಲ, ಹಾಸಾಕ ರವದಿ ಇಲ್ಲ. ಮರಿಗೆ ಥಂಡಿ, ಬೆಚ್ಚಗ ಆಗಾಕ ತಾಯಿ ಹೊಟ್ಟಿಗೆ ಹೊಕ್ಕೋತಾವು. ಹುಟ್ಟಿದ ಮರಿಗೆ 32–34 ಡಿಗ್ರಿ ಬಿಸಿ ಬೇಕು, ಬಿಳಿ ತಾಯಿಗೆ 20ರ ಸುತ್ತ ತಂಪ ಬೇಕು. ಒಂದ ದೊಡ್ಡಿಯೊಳಗ ಎರಡೂ ಹೆಂಗ ಕೊಡ್ತೀರಿ?

ಅದ ವಾರ ಆಯಿಯ ಕರಿ ಹಂದಿನೂ ಹಡದಿತ್ತು, ಒಂದು ದಿನ ಮೊದಲ, ಐದು ಮರಿ. ಬಿಳಿ ಮರಿ ತಮ್ಮ ತಾಯಿದು ಮೊದಲಿನ ಹಳದಿ ಹಾಲು ಒಂದು ದಿನ ಕುಡೀಲಿ ಅಂತ ಆಯಿ ಬಿಟ್ಲು. ಹಂದಿಮರಿ ರೋಗ ತಡಿಯೋ ಶಕ್ತಿ ತಗೊಂಡು ಹುಟ್ಟಂಗಿಲ್ಲ, ಮೊದಲಿನ 24 ತಾಸಿನ ಗಿಣ್ಣದ ಹಾಲಿನ್ಯಾಗ ಅದು ಬರತೈತಿ. ಮರುದಿನ ಕತ್ತಲಾದ ಮ್ಯಾಲ ಮೂರು ಸಣ್ಣ ಬಿಳಿ ಮರಿಗೆ ಕರಿ ಹಂದಿ ಹಾಸಿಗಿ ರವದಿ ತಿಕ್ಕಿ, ವಾಸನಿ ಒಂದ ಮಾಡಿ, ಅದರ ಮರಿ ನಡುವ ಬಿಟ್ಲು. ಕರಿ ತಾಯಿ ಒಮ್ಮೆ ಮೂಸಿ ನೋಡಿತು. ಗುರ್ ಅಂತು. ಮಲಿ ಕೊಟ್ಟಿತು.

ಮೇ ತಿಂಗಳ ಬಂತು. ನಮ್ಮ ಬನಹಟ್ಟಿ ಬಿಸಿಲು ನಿಮಗ ಹೇಳೂದ ಬ್ಯಾಡ. ಬಿಳಿ ತಾಯಿ ಮೇವು ಬಿಡ್ತು, ಬಾಯಿ ತಗದು ಏದುಸಿರು. ಹಾಲು ಇಳೀತು. ಮರಿ ಕಿರಚತಿದ್ವು. ಅಂವ ಸಾಲದ ಚಿಂತ್ಯಾಗ ಕೋಲ ತಗೊಂಡು ಹಂದಿಗೆ ಬಡದ: “ಹಡಿಯಾಕ ಹದಿಮೂರು, ಹಾಲಿಲ್ಲ ದರಿದ್ರದಕ್ಕ!” ಆಯಿ ಆ ಕೋಲ ಕಸಗೊಂಡು ಮುರದ್ಲು. ಅಕಿ ಅಂದದ್ದು ನಮ್ಮ ಹಿತ್ತಲಕ್ಕ ಕೇಳಿಸಿತು: “ಅದು ಹದಿಮೂರು ಬೇಕಂತ ಬೇಡಿತ್ತೇನ? ನಿಮಗ ಬೇಕಾಗಿತ್ತು, ಅದಕ್ಕ ಅದು ಹಡೀತು. ಹಾಕಿದ್ದೇನು ತಿನ್ನಾಕ? ಹೋಟೆಲ್ ಮುಸರಿ! ಎಲ್ಲಿಂದ ತರತೈತಿ ಹಾಲು?”

ಆ ಮಾತಿನ ಲೆಕ್ಕ ನಾ ಈಗ ಹಾಕಿ ತೋರಸತೇನಿ, ರೊಟ್ಟಿ ಹಿಟ್ಟಿನ ಲೆಕ್ಕ ಹಾಕಿದಂಗ. ಹಂದಿಮರಿ ಒಂದು ಕಿಲೋ ಬೆಳಿಬೇಕಂದ್ರ ಸುಮಾರು ನಾಕು ಕಿಲೋ ತಾಯಿ ಹಾಲು ಬೇಕು. ಆರು ಕರಿ ಮರಿ, ದಿನಾ ನೂರು ನೂರು ಗ್ರಾಂ ಬೆಳೆದ್ರ 600 ಗ್ರಾಂ, ಅದಕ್ಕ ಎರಡೂವರಿ ಕಿಲೋ ಹಾಲು. ಕರಿ ತಾಯಿ ಮುಸರಿ ತಿಂದು ಅಷ್ಟು ಕೊಡತೈತಿ. ಹನ್ನೆರಡು ಬಿಳಿ ಮರಿ, ದಿನಾ ಇನ್ನೂರು ಗ್ರಾಂ ಬೆಳಿಯೋ ರಕ್ತದ್ದು, 2 ಕಿಲೋ 400 ಗ್ರಾಂ ಆತು. ಅದಕ್ಕ ಒಂಬತ್ತೂವರಿ ಕಿಲೋ ಹಾಲು ದಿನಕ್ಕ! ಬಿಳಿ ತಾಯಿಗೆ ಅಷ್ಟು ಹಾಲು ಕೊಡೋ ತಾಕತ್ತು ಐತಿ, ಮೂರು ನಾಕನೇ ವಾರಕ್ಕ 7ರಿಂದ 10 ಕಿಲೋ ತನಕಾ ಏರತೈತಿ. ಆದ್ರ ಅದಕ್ಕ ಆರೇಳು ಕಿಲೋ ಚಲೋ ಮೇವು, 20 ಲೀಟರ್ ಮ್ಯಾಲ ನೀರು, ತಂಪ ನೆಳ್ಳು ಬೇಕು. ಇಲ್ಲಂದ್ರ ತನ್ನ ಬೆನ್ನಿನ ಮಾಂಸ ಕರಗಿಸಿ ಹಾಲು ಮಾಡತೈತಿ, ಅದೂ ತೀರಿದ ಮ್ಯಾಲ ನಿಂದರತೈತಿ. ತಳಿ ಬಿಳೀದು ತಂದ್ರು, ಗ್ವಾದಲಿ ಕರೀದ ಇಟ್ರು.

ಹತ್ತನೇ ದಿನಕ್ಕ ಸಿಮೆಂಟ ದೊಡ್ಡಿ ಮರಿಗಳ ಕಿವಿ ಬೆಳ್ಳಗ ಹಾಳಿ ಹಂಗ ಆದ್ವು. ಎರಡು ಸತ್ವು. ದನದ ಡಾಕ್ಟರ್ ಬಂದು, ರಕ್ತ ಇಲ್ಲ, ಕಬ್ಬಿಣದಂಶದ ಇಂಜೆಕ್ಷನ್ ಮೂರನೇ ದಿನಕ್ಕ ಕೊಡಬೇಕಿತ್ತು ಅಂದ್ರು. ಮರಿಗೆ ದಿನಕ್ಕ ಸುಮಾರು 7 ಮಿಲಿಗ್ರಾಂ ಕಬ್ಬಿಣದಂಶ ಬೇಕು, ತಾಯಿ ಹಾಲಿನ್ಯಾಗ ಸಿಗೋದು 1 ಮಿಲಿಗ್ರಾಂ. ಎಷ್ಟ ಲಗೂ ಬೆಳಿಯೋ ತಳಿನೋ ಅಷ್ಟ ಲಗೂ ರಕ್ತ ಕಡಿಮಿ ಬೀಳತೈತಿ. ಕರಿ ತಾಯಿ ಹತ್ರ ಇದ್ದ ಮೂರು ಬಿಳಿ ಮರಿ ಮಾತ್ರ ಕೆಂಪಗ ಇದ್ವು. ಅವು ಎರಡನೇ ದಿನದಿಂದನ ಮೂತಿಲೆ ಮಣ್ಣು ಕೆದರತಿದ್ವು. ಉಳದ ಕಬ್ಬಿಣದಂಶ ಮಣ್ಣಿನ್ಯಾಗ ಸಿಕ್ಕಿತ್ತು.

ಎರಡು ತಿಂಗಳಿಗೆ ಆಯಿ ಮೊಮ್ಮಗ ಮರಿ ಮಾರಾಕ ತೂಗಿದ. ಗಣಿತ ನಾನ ಬರಕೊಟ್ಟೆ, ಅಂವಗ ಓದಾಕ ಬರತಿರಲಿಲ್ಲ. ಬಿಳಿ ತಾಯಿ ಹತ್ರ ಉಳದ ಏಳು ಮರಿ ಹತ್ತು ಹತ್ತು ಕಿಲೋ ಆಸುಪಾಸು. ಕರಿ ತಾಯಿ ಹಾಲು ಕುಡದ ಬಿಳಿ ಮರಿ ಏಳು ಕಿಲೋ. ಕರಿ ಮರಿ ಐದು ಕಿಲೋ. ಆ ಹಾಳಿ ಭಾಳ ದಿನ ನನ್ನ ಟ್ರಂಕಿನ್ಯಾಗ ಇತ್ತು. ಅದನ್ನ ನೋಡಿದಾಗ ನನಗ ತಿಳದದ್ದು ಇಷ್ಟ: ಬೆಳಿಯೋ ಗುಣ ಮರಿ ರಕ್ತದಾಗ ಬರತೈತಿ, ಅದಕ್ಕ ಒಂದ ಮಲಿ ಸಾಲಿನ್ಯಾಗ ಕುಡದ್ರೂ ಬಿಳೀದು ಏಳಾತು, ಕರೀದು ಐದಾತು. ಆದ್ರ ಆ ಗುಣ ಎಷ್ಟು ಹೊರಗ ಬರಬೇಕು ಅನ್ನೋದು ತಾಯಿ ಹಾಲಿನ ಮ್ಯಾಲ, ಅದಕ್ಕ ಅದ ಬಿಳಿ ಮರಿ ಇಲ್ಲಿ ಏಳಾತು, ಅಲ್ಲಿ ಹತ್ತಾತು. ಮತ್ತ ಕರಿ ತಾಯಿ ಎಂಟಕ್ಕ ಎಂಟೂ ಉಳಿಸಿತು, ಐದು ತನ್ನವು, ಮೂರು ಮಂದಿವು. ಎಷ್ಟು ಹಡೀತಾಳ, ಎಷ್ಟು ಹಾಲು ಕೊಡತಾಳ, ಎಷ್ಟು ಉಳಸತಾಳ, ಮೂರೂ ಬ್ಯಾರೆ ಬ್ಯಾರೆ ಎಳಿ. ಒಂದನ್ನ ಜಗ್ಗಿ ಉಳದ ಎರಡು ಬಿಟ್ರ ಸೀರಿ ಆಗಂಗಿಲ್ಲ.

ಜಗತ್ತಿನ್ಯಾಗೂ ಇದ ಆಗೈತಿ. ಡೆನ್ಮಾರ್ಕ್ ದೇಶದಾಗ ಆರಿಸಿ ಆರಿಸಿ ಈಗ ಒಂದು ಹಂದಿ ಸರಾಸರಿ 16ಕ್ಕಿಂತ ಹೆಚ್ಚು ಜೀವಂತ ಮರಿ ಹಾಕತೈತಿ. ಮಲಿ ಮಾತ್ರ 14–15. ಹೆಚ್ಚಾದ ಮರಿಗೆ ಬ್ಯಾರೆ ಹಂದಿನ್ನ ದಾದಿ ಮಾಡ್ತಾರ. ಆಯಿ ರವದಿ ತಿಕ್ಕಿ ಮಾಡಿದ್ದನ್ನ ಅಲ್ಲಿ ದೊಡ್ಡ ದೊಡ್ಡ ಫಾರ್ಮಿನವರು ದಿನಾ ಮಾಡ್ತಾರ. ಚೀನಾದಾಗ ಮೈಶಾನ್ ಅಂತ ಒಂದು ಹಂದಿ ಐತಿ, ಮುಖಾ ಎಲ್ಲಾ ಸುಕ್ಕು, ಕಿವಿ ಕಣ್ಣಿನ ಮ್ಯಾಲ. ಅದು 14–16 ಮರಿ ಹಾಕತೈತಿ, ಆದ್ರ ಅದಕ್ಕ 16–18 ಮಲಿ, ಸ್ವಭಾವ ಭಾಳ ಸಮಾಧಾನದ್ದು, ಮರಿ ಸಣ್ಣವಾದ್ರೂ ಒಂದ ಅಳತಿವು. ಮಂದಿ ಅದನ್ನ ಸಾವಿರಾರು ವರ್ಷ ಮನಿ ಹತ್ರ ಇಟ್ಟಕೊಂಡು ಸಾವಕಾಶ ಬೆಳಿಸ್ಯಾರ. ಫ್ರಾನ್ಸಿನವರು 1979ರಾಗ, ಅಮೇರಿಕಾದವರು 1989ರಾಗ ಅದನ್ನ ತರಿಸಿ, ಇದರ ತಾಯ್ತನದ ಗುಟ್ಟು ಏನು ಅಂತ ಅಭ್ಯಾಸ ಮಾಡಿದ್ರು. ಅದರ ಮರಿ ಲಗೂ ಬೆಳಿಯಂಗಿಲ್ಲ, ಕೊಬ್ಬು ಜಾಸ್ತಿ. ಎಲ್ಲಾ ಗುಣ ಒಂದ ಮೈಯೊಳಗ ಯಾರಿಗೂ ಸಿಕ್ಕಿಲ್ಲ.

ಆಯಿ ಈಗಿಲ್ಲ. ಮೊಮ್ಮಗ ಹಂದಿ ಬಿಟ್ಟು ಪುಣೆ ಕಡೆ ಕೆಲಸಕ್ಕ ಹೋದ. ಆ ಜಾಗಾದಾಗ ಈಗ ಗೋದಾಮ ಐತಿ.

ತೊಟ್ಟಿಲ ಕಾರ್ಯ ಆಗಿ ಎಂಟನೇ ದಿನಕ್ಕ ನಾ ಮತ್ತ ಜಮಖಂಡಿಗೆ ಹೋದೆ. ಸಬ್ಬಸಗಿ, ಬಳ್ಳೊಳ್ಳಿ, ಅಳಿವಿ ಉಂಡಿ ಕಟಗೊಂಡು. ಹುಡುಗಿ ಮಾತಾಡಲಿಲ್ಲ. ನಾನೂ ನಕ್ಕಿದ್ದೆ, ಅದು ಅಕಿ ನೋಡಿದ್ಲು. “ತಪ್ಪಾತವ್ವಾ, ನಾ ನಗಬಾರದಿತ್ತು” ಅಂದೆ. ಆಮ್ಯಾಲ ಮಗ್ಗಲ ಕುಂತು ಈ ಕತಿ ಪೂರ್ತಿ ಹೇಳಿದೆ. ಡಾಕ್ಟರಮ್ಮನೂ ಅಕಿಗೆ ಹೇಳಿದ್ರಂತ: ಎರಡು ಕೂಸಿಗೂ ಮ್ಯಾಲಿಂದಮ್ಯಾಲ ಹಚ್ಚು, ಕೂಸು ಎಳದಷ್ಟು ಹಾಲು ಬರತೈತಿ. ಅವಳಿ ಹಡದ ತಾಯಂದಿರೊಳಗ ಭಾಳ ಮಂದಿ ಎರಡಕ್ಕೂ ಕುಡಸತಾರ. ಕೂಸು ಸಣ್ಣವಿದ್ರ ಸ್ವಲ್ಪ ದಿನ ಮ್ಯಾಲ ಹಾಲು ಹಾಕಾಕ ನಾವ ಹೇಳ್ತೀವಿ, ಅದು ನಿನ್ನ ಸೋಲಲ್ಲ. ಆದ್ರ ತಾಯಿಗೆ ಹೊಟ್ಟಿ ತುಂಬ ಊಟ, ನಿದ್ದಿ, ಸಮಾಧಾನ ಬೇಕು. ನಾ ಅಡಗಿಮನ್ಯಾಗ ಹೋಗಿ ನೋಡಿದೆ, ಅಕಿಗೆ ನೀರು ಕುಡದ್ರ ಥಂಡಿ ಆಗತೈತಿ ಅಂತ ನೀರೂ ಅಳತಿ ಮಾಡಿ ಕೊಡತಿದ್ರು. ಅಕಿ ಅತ್ತಿಗೆ ಬಿಳಿ ಹಂದಿ ಗ್ವಾದಲಿ ಲೆಕ್ಕ ಹೇಳಿದೆ. ಮೊದಲ ಮುಖಾ ಗಂಟ ಹಾಕಿದ್ರು, ಆಮ್ಯಾಲ ತಾವ ಒಂದು ತಂಬಗಿ ಬಿಸಿನೀರು ಕಾಸಿಟ್ರು.

ನಾ ಹೊರಡೋವಾಗ ಹುಡುಗಿ ಎರಡೂ ಕೂಸು ಒಮ್ಮೆಲೆ ತೊಡಿ ಮ್ಯಾಲ ಹಾಕ್ಕೊಂಡು ಕುಂತಿದ್ಲು. ದೊಡ್ಡದು ಎಡಕ್ಕ, ಸಣ್ಣದು ಬಲಕ್ಕ. “ಇವೂ ಅದಲಬದಲ ಮಾಡಗೊಡಂಗಿಲ್ಲ ಚಿಗವ್ವಾ, ತಮ್ಮ ತಮ್ಮ ಜಾಗಾ ಹಿಡದಾವು” ಅಂದ್ಲು. ಆಮ್ಯಾಲ ಅಕಿನ ನಕ್ಲು. “ಎರಡ ಕೂಸು, ಎರಡ ಮಲಿ. ನಿಮ್ಮ ಆಯಿ ಇದ್ದಿದ್ರ ಲೆಕ್ಕ ಬರೋಬ್ಬರಿ ಐತಿ ಅಂತಿದ್ಲು.”

ಮೊನ್ನೆ ತೂಗಿಸಿದ್ರಂತ. ಸಣ್ಣದೂ ಮೂರು ಕಿಲೋ ದಾಟೈತಿ.